ಶನಿವಾರದ ಗರುಡ

ನನ್ನ ತವರು ಹನೂರಿನ ಕಡೆ. ಅಲ್ಲಿ ನಮಗೆ ತಲೆಯ ಮೇಲೆ ರೆಕ್ಕೆ ಬಿಚ್ಚಿ ಸುತ್ತಿದ್ದೆಲ್ಲ ಹದ್ದೇ, ಕೋಳಿಮರಿ ಕದಿಯುವ ಕಳ್ಳ. ಅರವತ್ತರ ದಶಕದಲ್ಲಿ ಮದುವೆಯಾಗಿ ಮಧುವನಹಳ್ಳಿಗೆ ಬಂದ ಮೇಲೆಯೇ ಅವುಗಳಲ್ಲಿ ಒಬ್ಬ ದೇವರೂ ಇದ್ದಾನೆಂದು ತಿಳಿದದ್ದು.

ನಮ್ಮತ್ತೆಯದು ಬಿಳಿಗಿರಿರಂಗನ ಒಕ್ಕಲು. ಶನಿವಾರ ಗರುಡನನ್ನು ಕಾಣದೆ ಅವರು ತುತ್ತು ಮುಟ್ಟುತ್ತಿರಲಿಲ್ಲ. ಅವರು ಉಣ್ಣದೆ ಸೊಸೆ ಉಣ್ಣುವಂತಿರಲಿಲ್ಲ. ಹಾಗಾಗಿ ಆ ಹಕ್ಕಿಯನ್ನು ನಾನು ಕಲಿತದ್ದು ಭಕ್ತಿಯಿಂದಲ್ಲ, ಹಸಿವಿನಿಂದ. ಮನೆ ಹಿಂದಿನ ಕೆರೆ ಏರಿಯ ಮೇಲೆ ನಿಲ್ಲಿಸಿಕೊಂಡು ಅತ್ತೆ ಪಾಠ ಹೇಳುತ್ತಿದ್ದರು.

"ಎದೆ ಬೆಳ್ಳಗೆ, ರೆಕ್ಕೆ ಕೆಂಪಗೆ ಇದ್ರೆ ಗರುಡ ಕಣವ್ವ. ದೂರ ಇದ್ರೆ ಬಾಲ ನೋಡು. ದುಂಡಗಿದ್ರೆ ಗರುಡ, ಕವಲಾಗಿದ್ರೆ ಅದ್ದು."

ನಾನು ಹದ್ದಿಗೆ ಕೈ ಮುಗಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೋಡುತ್ತ ನೋಡುತ್ತ ನನಗೂ ರುಚಿ ಹತ್ತಿತು. ಗರುಡ ನೀರಿಗೆ ಕಾಲು ಚಾಚಿ ಮೀನೆತ್ತುವುದನ್ನು ನೋಡುತ್ತ ನಿಂತು ಒಲೆಯ ಮೇಲಿನ ಸಾರು ಸೀಯಿಸಿದ್ದೂ ಉಂಟು.

ಕೆಲವು ವರ್ಷಗಳಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಆಮೇಲೆ ನೋಡುವ ಕೆಲಸ ನನ್ನದಾಯಿತು. ಗರುಡ ಯಾವ ಕಡೆ ಎಂದು ನಾನು ಹೇಳಿದರೆ ಆ ಕಡೆಗೆ ಅವರು ಕೈ ಮುಗಿಯುತ್ತಿದ್ದರು.

ಒಂದು ಶ್ರಾವಣ ಶನಿವಾರ ಬೆಳಗಿನಿಂದ ಮೋಡ. ನಾನು ಐದು ತಿಂಗಳ ಬಸುರಿ. ಹೊತ್ತು ಇಳಿದರೂ ಗರುಡನ ಸುಳಿವಿಲ್ಲ.

"ನೀನು ಉಣ್ಣೋಗವ್ವ" ಎಂದರು ಅತ್ತೆ. ನನ್ನ ಹಟ ನನಗೆ, ಹೋಗಲಿಲ್ಲ. ನಿಲ್ಲಲಾರದೆ ಅವರು ಏರಿಯ ಮೇಲೇ ಕೂತುಬಿಟ್ಟರು. ನೋಡಿ ಭಯವಾಯಿತು. ಅಷ್ಟರಲ್ಲಿ ಒಂದು ಹಕ್ಕಿ ಕೂಗುತ್ತ ಏರಿಯ ಮೇಲೆ ಬಂತು. ಬಾಲ ಕವಲು. ಅಪ್ಪಟ ಹದ್ದು.

"ಬಂದ ಅತ್ತೆ, ಗರುಡ!" ಎಂದುಬಿಟ್ಟೆ.

"ಬಾಲ ನೋಡ್ದಾ?"

"ದುಂಡಗದೆ."

ಅತ್ತೆ ಕೂಗು ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ ಕೈ ಎತ್ತಿ ಮುಗಿದು, ಒಳಗೆ ಬಂದು ಮುದ್ದೆ ಮುರಿದರು. ನಾನೂ ಗಬಗಬನೆ ಉಂಡೆ. ದೇವರ ಹೆಸರಿನಲ್ಲಿ ಅವರಿಗೆ ಮೋಸ ಮಾಡಿದೆನಲ್ಲ ಎಂಬ ಸಂಕಟ ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ.

ಮಗಳು ಸ್ಕೂಲಿಗೆ ಸೇರಿದ ವರ್ಷ ತಡೆಯಲಾರದೆ ಹೇಳಿಕೊಂಡೆ. ಅತ್ತೆ ನಕ್ಕರು.

"ಕಣ್ಣು ಓಗಿತ್ತು ಕಣವ್ವ, ಕಿವಿ ಓಗಿರ್ನಿಲ್ಲ. ಗರುಡ ಎಳೆಮಗ ಅತ್ತಂಗೆ ಕೂಗ್ತಾನೆ. ಅವತ್ತು ಬಂದಿದ್ದು ಸಿಳ್ಳೆ ಆಕ್ತು. ಅದ್ದು ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕತ್ತೆ ಉಂಡ್ರಿ?"

ಅವರು ಮೊಮ್ಮಗಳ ತಲೆ ಸವರಿದರು.

"ನಾನು ಉಣ್ದಿದ್ರೆ ನೀನು ಉಣ್ತಿದ್ದಾ?"