ವಕೀಲರ ಔಷಧಿ ಅಂಗಡಿ

ಬೀದಿ ತುದಿಯ ಔಷಧಿ ಅಂಗಡಿಯವರಿಗೆ ಜನ ಇಟ್ಟ ಅಡ್ಡಹೆಸರು ವಕೀಲರು, ಏಕೆಂದರೆ ಮಾತ್ರೆ ಕೇಳಿದವರೆಲ್ಲ ಅವರ ಕಟಕಟೆಯಲ್ಲಿ ನಿಲ್ಲಲೇಬೇಕು. "ನೆಗಡಿ ಸಾರ್, ಆ ಎರಡು ಔಷಧಿ ಸೇರಿದ ಆಂಟಿಬಯೋಟಿಕ್ ಮಾತ್ರೆ ಮೂರೇ ಮೂರು ಕೊಡಿ" ಎಂದರೆ, "ನೆಗಡಿಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ, ಅದೂ ಗುರಿ ತಪ್ಪಿದ್ದು! ಡಾಕ್ಟರ ಚೀಟಿ ಎಲ್ಲಿ?" ಎನ್ನುತ್ತಾರೆ. ಚೀಟಿ ತಂದರೂ ಬಿಡುಗಡೆಯಿಲ್ಲ. "ಊಟದ ಜೊತೆ ತಗೋತೀರಾ? ಜ್ವರ ಬಿಟ್ಟ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗ್ತೀರಾ, ಇಲ್ಲ ಉಳಿಸಿ ನಾದಿನಿಗೆ ದಾನ ಮಾಡ್ತೀರಾ?" ಆದರೆ "ಇದರಲ್ಲಿರೋದು ಪೆನ್ಸಿಲಿನ್ ಜಾತಿಯ ಔಷಧಿ, ನಿಮಗೆ ಪೆನ್ಸಿಲಿನ್ ಒಗ್ಗುತ್ತಾ?" ಎಂದು ಕೇಳುವಾಗ ಮಾತ್ರ ತಮಾಷೆ ಬಿಟ್ಟು, ಕನ್ನಡಕ ತೆಗೆದು, ಮುಖವನ್ನೇ ನೋಡುತ್ತಾರೆ. ಆಗ ಪಕ್ಕದಲ್ಲಿ ಕೂತ ಹೆಂಡತಿ ಹೇಳುತ್ತಾರೆ: "ಬೇಗ ಹೇಳಿಬಿಡಿ. ಒಂದ್ಸಲ ಇವರು ನನ್ನ ಕೇಳ್ದೇನೇ ಅದನ್ನ ಕೊಟ್ಟು, ನನ್ನ ಮುಖ ಊದಿ ಉಸಿರೇ ಕಟ್ಟಿತ್ತು. ಅವತ್ತಿಂದ ನೀವು ಉತ್ತರ ಹೇಳೋವರೆಗೂ ಉಸಿರು ಕಟ್ಟೋದು ಇವರಿಗೇ."