ಅಪ್ಪನಿಗೆ ಇಟ್ಟ ಹೆಂಡ

ಸತ್ತವರು ಬಂದು ಎಡೆ ಉಣ್ಣುತ್ತಾರೆ ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಎಡೆಯ ಕೋಳಿತೊಡೆ ಮಾಯವಾದರೆ ಅದು ಬೆಕ್ಕಿನ ಕೆಲಸ, ತಾತನದಲ್ಲ ಎಂದು ಅವ್ವನನ್ನು ರೇಗಿಸುತ್ತಿದ್ದೆ. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀಯಾ ಎಂದರೆ ಅದಕ್ಕೂ ಉತ್ತರವಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಆಗ ಮಹಾರಾಜರ ಕಾಲ. ನಮ್ಮದು ಹುಣಸೂರಿನ ಪಕ್ಕದ ಹಳ್ಳಿ. ಅಪ್ಪ ಹೆಂಡ ಕುಡಿದೇ ಸತ್ತ. ನಾನೂ ಅದೇ ದಾರಿ ಹಿಡಿದಿದ್ದೆ. ಆ ವರ್ಷ ಹೆಂಡತಿ ನಿಂಗಮ್ಮ ಮಗಳನ್ನು ಎತ್ತಿಕೊಂಡು ಹೊಸಿಲಲ್ಲಿ ನಿಂತು, "ಇನ್ನೊಂದ್ ಗುಟುಕು ಕುಡುದ್ರೂ ಅಂತರಸಂತೆಗೆ ಒಂಟೋಯ್ತೀನಿ, ತಿರುಗಿ ಬರಾಕಿಲ್ಲ" ಎಂದಳು. ಅಂತರಸಂತೆ ಅವಳ ತವರು. ಅಂದಿನಿಂದ ಬಿಟ್ಟೆ. ಬಿಟ್ಟೆ ಎಂದು ಹೇಳುವುದು ಸುಲಭ. ಈಚಲ ಮರ ಕಂಡರೆ ಸಾಕು, ದಾರಿ ಬದಲಿಸಿ ಓಡುತ್ತಿದ್ದೆ. ನಮ್ಮ ಹೊಗೆಸೊಪ್ಪು ಕೊಳ್ಳುತ್ತಿದ್ದ ವ್ಯಾಪಾರಿ ಖಾದರ್ ಸಾಬರು ಒಂದು ದಿನ, "ಓಡ್‌ಬೇಡ್ರೀ ಗೌಡ್ರೇ, ಓಡಿದ್ರೆ ನಾಯಿ ಅಟ್ಟಿಸ್ಕೊಂಡು ಬತ್ತದೆ. ನಿಂತ್ಕೊಂಡು ಮಕ ನೋಡ್ರಿ, ಅದೇ ಹೋಯ್ತದೆ" ಎಂದರು. ಆ ಮಾತು ಮನಸ್ಸಿಗೆ ನಾಟಿತು.

ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬ ಬಂತು. ಎಡೆಗೆ ಹೆಂಡ ಬೇಡವೆಂದು ನಿಂಗಮ್ಮ ಕೈಮುಗಿದಳು. ಅವ್ವ ಕೇಳಲಿಲ್ಲ, ನನ್ನ ಕಡೆ ತಿರುಗಿ, "ನಿಮ್ಮಪ್ಪ ಬರೀ ಅನ್ನ ಉಂಡು ಎದ್ದೋನಲ್ಲ ಕಣೋ. ಅಸ್ಕೊಂಡು ತಿರುಗಿದ್ರೆ ಮನೆಗೆ ಒಳ್ಳೇದಾಗಾಕಿಲ್ಲ" ಎಂದಳು.

ಸಂಜೆ ದೀಪ ಹಚ್ಚಿ, ನಡುಮನೆಯಲ್ಲಿ ಎಡೆ ಬಡಿಸಿ, ಪಕ್ಕದಲ್ಲಿ ಚೊಂಬಿನ ತುಂಬ ಹೆಂಡ ಇಟ್ಟರು. ಆಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚುವುದು, ಹಿರಿಯರು ಉಂಡಾದ ಮೇಲೆ ತೆಗೆಯುವುದು ನಮ್ಮಲ್ಲಿ ವಾಡಿಕೆ. ಕೊನೆಯ ಧೂಪ ಹಿರಿಮಗನದು. ನಾನಿನ್ನೂ ಸಾಂಬ್ರಾಣಿ ಹಾಕುತ್ತಿದ್ದೆ. ದಟ್ಟ ಹೊಗೆಯಲ್ಲಿ ನಾನು ಕಾಣದೆ, ಹೊರಗೆ ಬಂದೆನೆಂದುಕೊಂಡು ಅವ್ವ ಬಾಗಿಲೆಳೆದು ಚಿಲಕ ಹಾಕಿದಳು. ಕೂಗುವಂತಿಲ್ಲ. ಆ ಹೊತ್ತಿನಲ್ಲಿ ಸದ್ದಾದರೆ ಹಿರಿಯರು ಉಣ್ಣದೆ ಹಿಂದಿರುಗುತ್ತಾರಂತೆ. ನಂಬದ ನಾನೂ ಬಾಯಿ ಬಿಡಲಿಲ್ಲ ನೋಡಿ.

ಹೆಂಡದ ಹುಳಿ ವಾಸನೆ ಮೂಗಿಗೆ ಬಡಿಯಿತು. ಮೈ ಬೆವೆತು ಬಾಯಲ್ಲಿ ನೀರೂರಿತು. ಓಡಲು ದಾರಿಯಿಲ್ಲ. ಸಾಬರು ಹೇಳಿದಂತೆ ಚೊಂಬಿನ ಎದುರಿಗೇ ಕುಳಿತೆ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಆಸೆ ಉಕ್ಕಿ ಬಂತು. ಬರಲಿ ಎಂದು ನೋಡುತ್ತ ಕುಳಿತೆ. ಅಚ್ಚರಿಯೆಂದರೆ ಹೆದರಿಕೆಯೇ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ, ಗೆದ್ದೆ ಅನ್ನಿಸಿತು.

ಆಗ ಹೊಗೆಯೊಳಗೆ ಗುಟುಕರಿಸುವ ಸದ್ದು ಕೇಳಿತು. ನಿಧಾನವಾಗಿ, ನಡುನಡುವೆ ಉಸಿರೆಳೆದುಕೊಂಡು, ಅಪ್ಪ ಕುಡಿಯುತ್ತಿದ್ದ ಹಾಗೆಯೇ. ದೀಪ ಉರಿಯುತ್ತಲೇ ಇತ್ತು, ಯಾರೂ ಕಾಣಲಿಲ್ಲ. ನನ್ನ ಕೈಗಳು ತೊಡೆಯ ಕೆಳಗೇ ಇದ್ದವು. ಆದರೆ ಒಂದೊಂದು ಗುಟುಕಿಗೂ ನನ್ನ ನಾಲಗೆಯ ಮೇಲೆ ಹುಳಿ ಹರಡುತ್ತಿತ್ತು.

ಅವ್ವ ಬಾಗಿಲು ತೆಗೆದಾಗ ಚೊಂಬು ಬರಿದಾಗಿತ್ತು. "ಬಂದಿದ್ದ ಕಣೋ ನಿಮ್ಮಪ್ಪ!" ಎಂದು ನೆಲಕ್ಕೆ ಹಣೆಯಿಟ್ಟು ಅತ್ತಳು. ನಿಂಗಮ್ಮ ಚೊಂಬು ನೋಡಿದಳು, ಹತ್ತಿರ ಬಂದು ನನ್ನ ಬಾಯಿ ಮೂಸಿದಳು.

"ಕುಡುದ್ರಾ?"

ಇಲ್ಲವೆನ್ನಲು ಬಾಯಿ ತೆರೆದೆ. ಆ ರುಚಿ ಇನ್ನೂ ಅಲ್ಲೇ ಇತ್ತು.

ಮಾರನೆಯ ದಿನ ಅವಳು ಮಗಳೊಂದಿಗೆ ಗಾಡಿ ಹತ್ತಿದಳು, ಮತ್ತೆ ಬರಲಿಲ್ಲ. ಆಮೇಲೆ ನಾನು ಒಂದು ಹನಿಯೂ ಮುಟ್ಟಿಲ್ಲ. ಅದನ್ನು ಕೇಳುವವರು ಮನೆಯಲ್ಲಿಲ್ಲ. ಕುಡಿದವನ ಗಂಟಲು ತಣಿಯುತ್ತದೆ, ಅಷ್ಟು ನನಗೆ ಚೆನ್ನಾಗಿ ಗೊತ್ತು. ಅಂದು ನನ್ನ ಗಂಟಲು ಒಣಗಿಯೇ ಇತ್ತು. ಹಾಗಾದರೆ ಅವಳ ಮೂಗಿಗೆ ಬಡಿದ ವಾಸನೆ ಯಾರದು? ಮಗಳು ಈಗ ಮದುವೆಯ ವಯಸ್ಸಿಗೆ ಬಂದಿರಬೇಕು. ಎಂದಾದರೂ ಎದುರು ನಿಂತು, ಅಪ್ಪಾ, ಅವತ್ತು ಕುಡಿದೆಯಾ ಎಂದು ಕೇಳಿದರೆ, ಗೊತ್ತಿಲ್ಲ ಕಣವ್ವ ಎನ್ನದೆ ನನಗೆ ಬೇರೆ ದಾರಿಯಿಲ್ಲ.