ಪುರೀಬಾಯಿ ಕತ್ತರಿಸಿದ ಹಾಯಿ

ಬಂದರು ಊರು ಮಾಂಡವಿಯಲ್ಲಿ, ಕಡಲಿಗರಾದ ಖಾರ್ವಾ ಜನರ ಓಣಿಯಲ್ಲಿ ಹಾಯಿ ಹೊಲಿಯುವುದು ಹೆಂಗಸರ ಕೆಲಸ, ಕತ್ತರಿಸುವುದು ಗಂಡಸರ ಕೆಲಸ. ಪುರೀಬಾಯಿ ಹದಿನಾಲ್ಕರ ಪ್ರಾಯದಲ್ಲೇ ದಬ್ಬಳ ಹಿಡಿದವಳು. ಗಂಡ ಕಡಲಿನಲ್ಲಿ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅದೇ ದಬ್ಬಳದಿಂದ ಸಾಕಿದಳು. ನನ್ನ ಅಮ್ಮ ಅವಳ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು. ಈ ಸಂಗತಿ ನಾನು ಅಮ್ಮನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚಿನ ಕೊನೆಯ ಯಾನದಲ್ಲಿ ಖೀಮಜಿ ನಾಖುದಾನಾಗಿ ನಡೆಸುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಮೂರು ಮೂಲೆಯ ದೊಡ್ಡ ಹಾಯಿ ಒಂದು ಹೊಲಿಗೆಯ ಗುಂಟ ಹರಿದು ಸಮುದ್ರದ ಪಾಲಾಯಿತು. ಉಳಿದದ್ದು ಓರೆ ತೊಲೆಗೆ ಕಟ್ಟಿದ್ದ ಮುಂದಿನ ಮೂಲೆಯ ಹತ್ತು ಪಟ್ಟಿ ಮಾತ್ರ. ಅದನ್ನು ಮೊದಲು ಕತ್ತರಿಸಿದ್ದ ಪರ ಊರಿನ ಮೇಸ್ತ್ರಿ ಸತ್ತು ಎಷ್ಟೋ ಕಾಲವಾಗಿತ್ತು. ಅಳತೆ ಯಾರ ಬಳಿಯೂ ಇರಲಿಲ್ಲ. ಮಳೆಗಾಲ ಮುಗಿಯುವ ನಾರಿಯಲ್ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದೊಡನೆ ಹಡಗು ಹೊರಡಬೇಕು.

ನಮ್ಮ ಊರಿನ ಮೇಸ್ತ್ರಿ ವಸ್ತಾ ಹೆಂಗಸರು ಹಾಯಿ ಹೊಲಿಯುವ ಅಂಗಳಕ್ಕೆ ಬಂದು ಆ ತುಂಡನ್ನು ನೋಡಿ ಗಡ್ಡ ಕೆರೆದುಕೊಂಡ. "ತೊಲೆ ನಲವತ್ತು ಮೊಳ. ಅದೊಂದು ಗೊತ್ತು. ಹಿಂದಿನ ಅಂಚು ಇಪ್ಪತ್ತೈದು ಇರಬೇಕು ನೋಡು ಖೀಮಜಿ. ಕಣ್ಣಂದಾಜಲ್ಲಿ ಹೇಳ್ತಿದೀನಿ."

"ಕಣ್ಣಂದಾಜು ತಪ್ಪಿದ್ರೆ ಕಾಕಾ? ತಂದಿರೋ ಹೊಸ ಬಟ್ಟೆ ಇಷ್ಟೇ. ಒಂದ್ಸಲ ಕತ್ತರಿ ಬಿತ್ತೂ ಅಂದ್ರೆ ಮುಗೀತು."

ಅಂಗಳದ ಮೂಲೆಯಲ್ಲಿ ಕೂತಿದ್ದ ಪುರೀಬಾಯಿ ತಲೆ ಎತ್ತದೆ ಹೇಳಿದಳು: "ಇಪ್ಪತ್ತೈದಲ್ಲ. ಇಪ್ಪತ್ತೆಂಟು."

ವಸ್ತಾ ನಕ್ಕ. "ಏನೇ ಪುರೀ, ದಬ್ಬಳಕ್ಕೂ ಬಾಯಿ ಬಂತಾ?"

"ಬಾಯಿ ಮೊದಲಿಂದ್ಲೂ ಇತ್ತು ಕಾಕಾ. ಕೇಳೋರು ಇರಲಿಲ್ಲ."

ಅಂಗಳದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಖೀಮಜಿ ಮಾತ್ರ ನಗಲಿಲ್ಲ. "ಹೇಗೆ ಹೇಳ್ತೀಯಾ ಪುರೀಬೆನ್?" ಎಂದು ಕೇಳಿದ.

ಅವಳು ಎದ್ದು ಬಂದು ತುಂಡು ಹಾಯಿಯನ್ನು ನೆಲದ ಮೇಲೆ ಹರಡಿದಳು. ಹಾಯಿಯ ಪಟ್ಟಿಗಳೆಲ್ಲ ಒಂದೇ ಅಗಲ. ಎಲ್ಲವೂ ಹಿಂದಿನ ಅಂಚಿಗೆ ಸಮಾನಾಂತರವಾಗಿಯೇ ಓಡುತ್ತವೆ. ಮೂಲೆಯಲ್ಲಿ ಮೊದಲ ಪಟ್ಟಿ ಗೇಣುದ್ದ. ಹಿಂದಕ್ಕೆ ಹೋದಷ್ಟೂ ಉದ್ದ.

"ಮೂವತ್ತು ವರ್ಷದಿಂದ ಇವನ್ನ ಒಂದಕ್ಕೊಂದು ಜೋಡಿಸ್ತಾ ಇದೀನಿ. ಯಾವ ಹೊಲಿಗೆ ಹತ್ರ ನಿಲ್ಲಿಸಿದ್ರೂ ಅಲ್ಲಿಂದ ಮುಂದಿನ ಮೂಲೆವರೆಗಿನ ತುಂಡು ಪುಟಾಣಿ ಹಾಯಿನೇ. ಗಾತ್ರ ಸಣ್ಣದು, ಆಕಾರ ಅದೇ. ಅಳತೆ ಹಿಡೀರಿ ಕಾಕಾ."

ವಸ್ತಾ ತನ್ನ ಹಗ್ಗ ಬಿಚ್ಚಿದ. ಐದನೇ ಹೊಲಿಗೆಯವರೆಗೆ ತೊಲೆಯ ಬದಿ ಐದು ಮೊಳ. ಆ ಹೊಲಿಗೆಯ ಉದ್ದ ಮೂರೂವರೆ. ಹತ್ತನೆಯದು, ಅಂದರೆ ಹರಿದ ಅಂಚು: ತೊಲೆಯ ಬದಿ ಹತ್ತು, ಹೊಲಿಗೆ ಏಳು.

"ಒಂದು ಬದಿ ಎರಡರಷ್ಟಾದ್ರೆ ಇನ್ನೊಂದೂ ಎರಡರಷ್ಟು," ಎಂದಳು ಪುರೀಬಾಯಿ. "ಈಗ ತೊಲೆ ಉದ್ದದ ಹಗ್ಗ ತಗೊಂಡು ನಾಲ್ಕು ಮಡಿಕೆ ಮಾಡಿ. ಈ ತುಂಡಿನ ಬದಿ ಸರಿಯಾಗಿ ಕೂಡ್ತದೆ. ಹಾಗಿದ್ಮೇಲೆ ಹಿಂದಿನ ಅಂಚು ಏಳು ನಾಲ್ಕಲೆ ಇಪ್ಪತ್ತೆಂಟು. ಕೆಳಗಿನ ಅಂಚು ಇಲ್ಲಿ ಒಂಬತ್ತಿದೆ. ಪೂರಾ ಹಾಯಿಗೆ ಮೂವತ್ತಾರು."

ವಸ್ತಾ ಹಗ್ಗವನ್ನು ಮಡಚಿ ಎರಡು ಸಲ ಹಿಡಿದು ನೋಡಿದ. ಆಮೇಲೆ ಸೊಂಟದಿಂದ ಕತ್ತರಿ ತೆಗೆದು ಖೀಮಜಿಯ ಕಡೆ ಚಾಚಿದ. ಖೀಮಜಿ ಅದನ್ನು ಪುರೀಬಾಯಿಯ ಕೈಗೆ ಕೊಟ್ಟ.

ಕತ್ತರಿಸುವ ಮೊದಲು ಅವಳು ಮೂರೂ ಬದಿಯಿಂದ ಮೊಳಕ್ಕೆ ಅರ್ಧ ಬೆರಳು ಕಳೆದಳು. "ಹೊಸ ಬಟ್ಟೆ ಗಾಳಿಗೆ ಹಿಗ್ತದೆ," ಎಂದಳು.

ವಸ್ತಾ ತಡೆಯಲಾರದೆ ಕೇಳಿದ: "ಹಿಂದಿನ ಅಂಚಲ್ಲಿ ಮಾತ್ರ ಕಳೆದ್ರೆ ಸಾಲದಾ?"

"ಒಂದು ಕಡೆ ಕಳೆದ್ರೆ ಓರೆ ಕೆಡ್ತದೆ ಕಾಕಾ. ಮೂರಕ್ಕೂ ಒಂದೇ ಲೆಕ್ಕ ಇರಬೇಕು."

ಇಪ್ಪತ್ತೆರಡು ದಿನ ಅಂಗಳದಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಮಧ್ಯಾಹ್ನಕ್ಕೆ ಸಜ್ಜೆ ರೊಟ್ಟಿ, ಈರುಳ್ಳಿ, ಮಜ್ಜಿಗೆ; ತಿಂದ ಕೈ ಒರೆಸಿಕೊಂಡು ಮತ್ತೆ ಹೊಲಿಗೆ. ಪ್ರತಿ ಪಟ್ಟಿಯನ್ನೂ ಪುರೀಬಾಯಿಯೇ ಅಳೆದು ಕೊಟ್ಟಳು. ವಸ್ತಾ ದಿನಾ ಸಂಜೆ ಬಂದು ಒಂದು ಮೂಲೆಯಲ್ಲಿ ಬೀಡಿ ಸೇದುತ್ತಾ ಕೂರುತ್ತಿದ್ದ. ಹದಿನೈದನೆಯ ದಿನ ಅವನೇ ಹಗ್ಗದ ಇನ್ನೊಂದು ತುದಿ ಹಿಡಿದ. ಅವಳು ಬೇಡ ಅನ್ನಲಿಲ್ಲ.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಇಡೀ ಓಣಿ ದಡಕ್ಕೆ ಬಂತು. ಹನ್ನೆರಡು ಜನ ಹಗ್ಗ ಜಗ್ಗಿ ತೊಲೆಯನ್ನು ಮೇಲೇರಿಸಿದರು. ಮೊದಲು ಬಟ್ಟೆ ಸಡಿಲವಾಗಿ ತೂಗಾಡಿತು. ಪುರೀಬಾಯಿ ಅಮ್ಮನ ತೋಳು ಹಿಡಿದುಕೊಂಡಳು. ಗಾಳಿ ಬಂತು. ಹಾಯಿ ಒಂದು ಸುಕ್ಕೂ ಇಲ್ಲದೆ ತುಂಬಿತು, ಹಿಂದಿನ ಅಂಚು ತುದಿಯಿಂದ ಬುಡದವರೆಗೆ ಬಿಗಿಯಾಗಿ ನಿಂತಿತು.

"ನಾನು ಹೇಳಿದ ಇಪ್ಪತ್ತೈದಾಗಿದ್ರೆ ಇವತ್ತು ಮುಖ ಎತ್ತೋ ಹಾಗಿರಲಿಲ್ಲ," ಎಂದು ವಸ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅಂಥ ಮಾತು ಅವನ ಬಾಯಿಂದ ಬಂದದ್ದೇ ದೊಡ್ಡದು.

ಮಸ್ಕತ್ತಿನಿಂದ ಖರ್ಜೂರ ಹೇರಿಕೊಂಡು ಬಂದ ಖೀಮಜಿ ನೇರ ಅವಳ ಮನೆಗೇ ಹೋದ. ಅವಳು ಕುಶಲ ಕೇಳುವ ಮುಂಚೆಯೇ ಕೇಳಿದಳು: "ಹಿಂದಿನ ಅಂಚು ಬಡ್ಕೊಳ್ತಾ?"

"ಇಲ್ಲ ಬೆನ್. ಮಲಗಿದ ಕೂಸಿನ ಹಾಗಿತ್ತು."

ಆಮೇಲೆ ಅವಳು ಹನ್ನೊಂದು ಹಡಗುಗಳಿಗೆ ಹಾಯಿ ಕತ್ತರಿಸಿದಳು. ಒಮ್ಮೆ ಮತದಾರರ ಪಟ್ಟಿಯವನು ಬಂದು ಹೆಸರು, ವಯಸ್ಸು ಬರೆದುಕೊಂಡು, "ಉದ್ಯೋಗ? ಮನೆಕೆಲಸ ಅಂತ ಹಾಕ್ಲಾ?" ಎಂದು ಕೇಳಿದನಂತೆ.

"ಹಾಯಿ ಮೇಸ್ತ್ರಿ ಅಂತ ಹಾಕಪ್ಪ," ಎಂದಳಂತೆ ಪುರೀಬಾಯಿ. ಅವನು ಬರೆದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳಂತೆ.